ಕಾರ್ಡಿಗೆ ಸಿಗದ ಕಾಯಿಲೆ

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಮನೆ ಈಗ ವಸ್ತುಸಂಗ್ರಹಾಲಯ. ನೋಡಲು ಬರುವವರ ಬಾಯಲ್ಲಿ ಬರೀ ಕನ್ನಂಬಾಡಿ. ಸಕ್ಕರ್, ಏಡನ್ ಯಾರಿಗೂ ನೆನಪಾಗುವುದಿಲ್ಲ. 1890ರ ದಶಕದಲ್ಲಿ ಅವರು ಸಿಂಧೂ ನದಿಯ ಕೆಸರು ನೀರನ್ನು ಸೋಸಿ ಸಕ್ಕರ್ ಪಟ್ಟಣಕ್ಕೆ ಕೊಟ್ಟರು. 1906ರಲ್ಲಿ ಏಡನ್ ಬಂದರಿನ ಕುಡಿಯುವ ನೀರು ಮತ್ತು ಚರಂಡಿಗೆ ಯೋಜನೆ ಹಾಕಿದರು. ಇತ್ತ 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬೆಳೆದವು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಸರ್ಕಾರ ಆರೋಗ್ಯಕ್ಕೆ ಹಣ ಹಾಕುತ್ತದೆ ಎಂದರೆ ಆಗ ಆಸ್ಪತ್ರೆಯಷ್ಟೇ ನೀರು, ಚರಂಡಿ, ಬೀದಿಯೂ ಲೆಕ್ಕಕ್ಕೆ ಬರುತ್ತಿದ್ದವು.

ಈಗ ಕಾರ್ಡು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆರೋಗ್ಯ ಕರ್ನಾಟಕ. ಅದೇ ವರ್ಷ ಅದು ಆಯುಷ್ಮಾನ್ ಭಾರತದೊಂದಿಗೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30. ಇದನ್ನು ಸುಮ್ಮನೆ ಹಳಿಯುವುದು ಅನ್ಯಾಯ. ಆರೋಗ್ಯಶ್ರೀ ಬಗ್ಗೆ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದಲ್ಲಿ, ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಸತ್ತ ಬಡವರ ಪ್ರಮಾಣ ಯೋಜನೆ ಇದ್ದ ಹಳ್ಳಿಗಳಲ್ಲಿ ಶೇ. 0.32, ಇಲ್ಲದ ಕಡೆ ಶೇ. 0.90.

ಆದರೆ ನಮ್ಮ ದೊಡ್ಡಮ್ಮನ ಕಾಯಿಲೆ ಆ ವ್ಯಾಪ್ತಿಯದಲ್ಲ. ಬಾಗೇಪಲ್ಲಿ ಕಡೆಯ ಹಳ್ಳಿಯಲ್ಲಿ ಮೂವತ್ತು ವರ್ಷ ಕೊಳವೆಬಾವಿ ನೀರು ಕುಡಿದವಳು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ವರ್ಷಗಟ್ಟಲೆ ಒಳಗೆ ಹೋದರೆ ಹಲ್ಲು, ಮೂಳೆ ಎರಡೂ ಕೆಡುತ್ತವೆ. ಬಿಗಿದ ಬೆನ್ನು ಮತ್ತೆ ಮೊದಲಿನಂತಾಗುವುದಿಲ್ಲ. ಅವಳು ಆಸ್ಪತ್ರೆಯಲ್ಲಿ ಮಲಗುವವಳಲ್ಲ, ಹಾಗಾಗಿ ಯಾವ ಪ್ಯಾಕೇಜೂ ಅವಳಿಗಿಲ್ಲ. ತಿಂಗಳ ಮಾತ್ರೆ, ಬಸ್ ಚಾರ್ಜು ಕೈಯಿಂದಲೇ. ಕಾರ್ಡು ದೇವರ ಫೋಟೋ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿದೆ. 'ಆಪರೇಷನ್ ಮಾಡೋ ಕಾಯಿಲೆನಾದ್ರೂ ಬಂದಿದ್ರೆ ಚೆನ್ನಾಗಿತ್ತು ಕಣಪ್ಪ' ಅಂತಾಳೆ.

ಉಚಿತ ಚಿಕಿತ್ಸೆಯಿಂದ ಕಾಯಿಲೆ ಇಳಿಯುತ್ತದೆ, ಖರ್ಚು ಏರುವುದಿಲ್ಲ ಎಂದು ಬ್ರಿಟನ್ನಿನ ಬೆವರಿಜ್ ವರದಿಯೂ ಎಣಿಸಿತ್ತು. ಅಲ್ಲಿ 1948ರ ಜುಲೈನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. 1951ರಲ್ಲೇ ಕಟ್ಟುಹಲ್ಲಿಗೂ ಕನ್ನಡಕಕ್ಕೂ ಜನ ದುಡ್ಡು ಕೊಡಬೇಕೆಂದಾಯಿತು; ಸೇವೆಯನ್ನು ಕಟ್ಟಿದ ಬೆವನ್ ಮಂತ್ರಿಗಿರಿಯನ್ನೇ ಬಿಟ್ಟರು. ಖರ್ಚು ಅಲ್ಲೂ ಏರಿತು, ಇಲ್ಲೂ ಏರುತ್ತದೆ. ನನ್ನನ್ನು ಕಾಡುವುದು ಬೇರೆ: ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆ ಬಿಲ್ಲು ಕಳಿಸುತ್ತದೆ, ಸರ್ಕಾರ ಕೊಡಲೇಬೇಕು. ಮೂಳೆ ಕೆಡದಂತೆ ಕಾದ ನೀರಿನ ಪರವಾಗಿ ಬಿಲ್ಲು ಕಳಿಸುವವರು ಯಾರು? ನಮ್ಮಲ್ಲಿ ಕಾರ್ಡು ಆರೋಗ್ಯ ಇಲಾಖೆಯದು, ಹಳ್ಳಿಯ ನಲ್ಲಿ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯದು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬಿಡುವ ಎಚ್.ಎನ್. ವ್ಯಾಲಿ ಯೋಜನೆ ಸಣ್ಣ ನೀರಾವರಿಯವರದು. ಮೂರನೇ ಹಂತದ ಸಂಸ್ಕರಣೆಯೂ ಬೇಕೆಂದು ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಆ ಖರ್ಚನ್ನು ಆರೋಗ್ಯದ ಖರ್ಚೆಂದು ಯಾವ ಇಲಾಖೆಯೂ ಬರೆದುಕೊಳ್ಳುವುದಿಲ್ಲ.

ದೊಡ್ಡಮ್ಮನ ಊರಿನಲ್ಲಿ ಶುದ್ಧ ನೀರಿನ ಘಟಕವೇನೋ ಇದೆ. 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಕಳೆದ ಸಲ ನಾನು ಹೋದಾಗ ಅದು ಕೆಟ್ಟು ಎರಡು ವಾರವಾಗಿತ್ತು. ಅವಳು ಕೊಳವೆಬಾವಿ ನೀರನ್ನೇ ಕಾಯಿಸಿ, ಆರಿಸಿ, ಲೋಟದಲ್ಲಿ ತಂದುಕೊಟ್ಟಳು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂದು ನಾನು ಹೇಳಲಿಲ್ಲ.