ರಕ್ತಕ್ಕಿಂತ ಮೊದಲು ಚರ್ಮ ಹೇಳಿದ್ದು

ಎಚ್‌ಐವಿ ಅಂದ ಕೂಡಲೇ ನಮಗೆಲ್ಲ ರಕ್ತಪರೀಕ್ಷೆ ನೆನಪಾಗುತ್ತೆ. ಆದರೆ ಈ ರೋಗದ ಕತೆ ಶುರುವಾದಾಗ ಅಂಥ ಪರೀಕ್ಷೆಯೇ ಇರಲಿಲ್ಲ ನೋಡಿ.

1981ರ ಜೂನ್ 5ರಂದು ಅಮೆರಿಕದ ಸಿಡಿಸಿ ತನ್ನ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸ್‌ನ ಐವರ ಅಪರೂಪದ ನ್ಯುಮೋನಿಯಾ ಬಗ್ಗೆ ಬರೆಯಿತು. ಜುಲೈ 3ರಂದು ಇನ್ನೊಂದು ವರದಿ: ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದ 26 ಸಲಿಂಗಕಾಮಿ ಗಂಡಸರಲ್ಲಿ ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರ್. ಮೈಮೇಲೆ ನೇರಳೆ ಕಲೆಗಳು. 1872ರಲ್ಲಿ ವಿಯೆನ್ನಾದ ಮೊರಿಟ್ಜ್ ಕಪೋಸಿ ವರ್ಣಿಸಿದ್ದ, ಅಮೆರಿಕದಲ್ಲಿ ಮುದುಕರಿಗಷ್ಟೇ ಅಪರೂಪಕ್ಕೆ ಬರುತ್ತಿದ್ದ ಕಾಯಿಲೆ ಹರೆಯದವರಿಗೆ ಯಾಕೆ ಬಂತು? ವೈರಸ್ ಸಿಕ್ಕಿದ್ದು 1983ರಲ್ಲಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ. ರಕ್ತಪರೀಕ್ಷೆ ಬಂದದ್ದು 1985ರಲ್ಲಿ. ಮರುವರ್ಷ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ಭಾರತದ ಮೊದಲ ಸೋಂಕುಗಳನ್ನು ಪತ್ತೆ ಮಾಡಿದರು.

ಸರಿ, ಪರೀಕ್ಷೆ ಬಂತು. ಆದರೆ ಮಾಡಿಸಬೇಕು ಅಂತ ಯಾರಿಗಾದರೂ ಹೊಳೀಬೇಕಲ್ಲ? ನನಗೆ ಕುತೂಹಲ ಹುಟ್ಟಿಸೋದು ಕತೆಯ ಈ ಭಾಗವೇ. 1994ರಲ್ಲಿ ಅಮೆರಿಕದ ಚರ್ಮವೈದ್ಯರು ನಾಲ್ವರು ರೋಗಿಗಳ ಬಗ್ಗೆ ಬರೆದರು. ಎಚ್‌ಐವಿ ಸೋಂಕಿದ್ದ ಇವರಲ್ಲಿ ಮೊದಲು ತಲೆದೋರಿದ ಕಾಯಿಲೆಯೇ ಬಿಸಿಲು ಸಹಿಸದ ಚರ್ಮ! ಇಂಥ ಕಾಯಿಲೆಯಲ್ಲಿ ಮುಖ, ಕತ್ತು, ಕೈಗಳ ಮೇಲೆ, ಅಂದರೆ ಬಿಸಿಲು ಬೀಳುವ ಕಡೆ, ತುರಿಸುವ ದದ್ದು ಏಳುತ್ತೆ, ಚರ್ಮ ದಪ್ಪಗಾಗಿ ಕಪ್ಪಾಗುತ್ತೆ. ವರ್ಷಗಟ್ಟಲೆ ಕಾಡುವ ಬಿಸಿಲಿನ ಇಸುಬು ಸಾಮಾನ್ಯವಾಗಿ ಐವತ್ತು ದಾಟಿದ ಗಂಡಸರದ್ದು. ವಯಸ್ಸಿನಲ್ಲಿ ಚಿಕ್ಕವರಿಗೆ ಬಂದರೆ ವೈದ್ಯರು ಎಚ್‌ಐವಿಯನ್ನೂ ಯೋಚಿಸಬೇಕು ಅನ್ನೋದು ಹೀಗೆ ಕಲಿತ ಪಾಠ.

ಇಲ್ಲೊಂದು ಸೂಕ್ಷ್ಮ ಇದೆ. ಮೊದಲು ಕಂಡ ಚಿಹ್ನೆ ಅಂದರೆ ಸೋಂಕಿನ ಮೊದಲ ದಿನಗಳ ಚಿಹ್ನೆ ಅಂತಲ್ಲ. ಈ ತೊಂದರೆ ಹೆಚ್ಚಾಗಿ ಕಾಣೋದು ಸಿಡಿ4 ಕಣಗಳು ಸಾಕಷ್ಟು ಕುಸಿದ ಮೇಲೆ. ಅಂದರೆ ಚರ್ಮ ಬಾಯಿ ಬಿಡುವ ಹೊತ್ತಿಗೆ ವೈರಸ್ ಒಳಗೆ ವರ್ಷಗಳನ್ನೇ ಕಳೆದಿರಬಹುದು. ಆಗಲೂ ಬರೀ ಮುಲಾಮು ಕೊಟ್ಟು ಕಳಿಸಿದರೆ, ಜೀವ ಉಳಿಸುವ ಮಾತ್ರೆಗಳು ಇನ್ನೂ ತಡವಾಗುತ್ತವೆ.

ಹಾಗಂತ ಬಿಸಿಲಿಗೆ ಮುಖ ಉರಿದವರೆಲ್ಲ ಹೆದರಬೇಡಿ ಮಾರಾಯ್ರೇ! ಲೂಪಸ್, ಸಲ್ಫಾದಂಥ ಮಾತ್ರೆಗಳು, ನಮ್ಮೂರ ಕಾಂಗ್ರೆಸ್ ಗಿಡದ (ಪಾರ್ಥೇನಿಯಂ) ಅಲರ್ಜಿ ಎಲ್ಲವೂ ಇದೇ ಥರ ಕಾಣಿಸಬಹುದು. ದದ್ದು ನೋಡಿ ಎಚ್‌ಐವಿ ಅಂತ ತೀರ್ಮಾನಿಸೋಕೆ ಆಗಲ್ಲ, ಅದಕ್ಕೆ ಪರೀಕ್ಷೆಯೇ ಆಗಬೇಕು. 2017ರ ಎಚ್‌ಐವಿ ಕಾಯಿದೆ ಪ್ರಕಾರ ಆ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು.

ಆದ್ದರಿಂದ, ವಾಸಿಯಾಗದ ದದ್ದು ನೋಡಿದ ವೈದ್ಯರು "ಎಚ್‌ಐವಿ ಪರೀಕ್ಷೆಯೂ ಮಾಡಿಸೋಣವೇ?" ಅಂದರೆ ಅವರು ನಿಮ್ಮ ನಡತೆಯ ಮೇಲೆ ಬೆರಳು ತೋರಿಸುತ್ತಿಲ್ಲ. ಚರ್ಮ ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದಾರೆ, ಅಷ್ಟೇ. ಏನಂತೀರಿ?