ಉಕ್ಕಿನ ಶಿರಸ್ತ್ರಾಣವೂ ಅದರ ಪರೀಕ್ಷೆಯೂ

ಹದಿನೇಳನೆಯ ಶತಮಾನದ ಯುರೋಪಿನ ಎದೆಗವಚಗಳಲ್ಲಿ ಕೆಲವುದರ ಮೇಲೆ ಒಂದು ಸಣ್ಣ ತಗ್ಗನ್ನು ಕಾಣಬಹುದು. ನೋಡುವವರು ಅದನ್ನು ರಣರಂಗದ ಗಾಯವೆಂದು ಭಾವಿಸುವುದುಂಟು. ಅನೇಕ ವೇಳೆ ಅದು ಕವಚಗಾರನು ತನ್ನ ಸರಕಿನ ಗಟ್ಟಿತನವನ್ನು ತೋರಿಸಲು ಗುಂಡು ಹೊಡೆಯಿಸಿ ಉಳಿಸಿದ ಗುರುತು. ಕೊಳ್ಳುವವನಿಗೆ ಅದೇ ಭರವಸೆಯ ಪತ್ರ.

ಈ ಪದ್ಧತಿಯು 1915ರಲ್ಲಿ ಮತ್ತೆ ತಲೆಯೆತ್ತಿತು. ಕಂದಕಗಳಲ್ಲಿ ನಿಂತ ಸೈನಿಕನ ಮೈ ಮಣ್ಣಿನ ಮರೆಯಲ್ಲಿತ್ತು, ತಲೆ ಮಾತ್ರ ಬಯಲಿಗೆ ಬಿದ್ದಿತ್ತು. ಆ ವರ್ಷ ಫ್ರಾನ್ಸಿನಲ್ಲಿ ಆಡ್ರಿಯನ್ ಎಂಬ ಅಧಿಕಾರಿಯು ಮೆದು ಉಕ್ಕಿನ ಶಿರಸ್ತ್ರಾಣವನ್ನು ಬಳಕೆಗೆ ತಂದನು. ಇಂಗ್ಲೆಂಡಿನಲ್ಲಿ ಬ್ರಾಡಿಯು ಬೋಗುಣಿಯಾಕಾರದ ಮತ್ತೊಂದನ್ನು ರೂಪಿಸಿದನು. ಎರಡನೆಯದಕ್ಕೆ ಬೇಗನೆ ಹ್ಯಾಡ್‌ಫೀಲ್ಡನ ಮ್ಯಾಂಗನೀಸ್ ಉಕ್ಕನ್ನು ಆರಿಸಲಾಯಿತು. ಶೆಫೀಲ್ಡಿನ ಹ್ಯಾಡ್‌ಫೀಲ್ಡನು 1882ರಲ್ಲಿ ಕಂಡುಹಿಡಿದ ಈ ಲೋಹದಲ್ಲಿ ನೂರಕ್ಕೆ ಸುಮಾರು 12 ಪಾಲು ಮ್ಯಾಂಗನೀಸ್ ಇರುತ್ತದೆ. ಪೆಟ್ಟು ಬಿದ್ದಷ್ಟೂ ಅದು ಗಡುಸಾಗುವುದು, ಆದರೆ ಗಾಜಿನಂತೆ ಒಡೆಯದು, ಅಯಸ್ಕಾಂತಕ್ಕೂ ಅಂಟದು. ಒಂದು ಮಿಲಿಮೀಟರಿಗೂ ಕಡಮೆ ದಪ್ಪದ ತಗಡಿನಿಂದ ತಲೆಯನ್ನು ಕಾಯಬೇಕಾದಾಗ ಇದಕ್ಕಿಂತ ಅನುಕೂಲವಾದ ಗುಣವನ್ನು ಊಹಿಸುವುದು ಕಷ್ಟ.

ಪರೀಕ್ಷೆಯ ನಿಬಂಧನೆ ಹೀಗಿದ್ದಿತು: ಒಂದು ಪೌಂಡಿಗೆ 41 ತೂಗುವ ಶ್ರಾಪ್ನೆಲ್ ಗುಂಡು ಸೆಕೆಂಡಿಗೆ 750 ಅಡಿಯ ವೇಗದಿಂದ ತಾಕಿದರೂ ತಗಡು ತಡೆಯಬೇಕು. ಇಲ್ಲಿಯೇ ನಾವು ಸ್ವಲ್ಪ ನಿಂತು ವಿಚಾರಿಸಬೇಕಾಗಿದೆ. ಶ್ರಾಪ್ನೆಲ್ ಗುಂಡು ಸೀಸದ್ದು, ದುಂಡನೆಯದು. ತಾಕಿದೊಡನೆ ತಾನೂ ಚಪ್ಪಟೆಯಾಗುತ್ತದೆ. ಸ್ಫೋಟಕ ತುಂಬಿದ ಷೆಲ್ಲು ಸಿಡಿದಾಗ ಹಾರುವುದಾದರೋ ಅದರ ಒಡಲಿನ ಉಕ್ಕೇ. ಅದರ ಚೂರುಗಳು ಮೊನಚು, ಗಡುಸು, ಒಂದರಂತೆ ಒಂದಿಲ್ಲ. ದುಂಡು ಗುಂಡನ್ನು ಗೆದ್ದ ತಗಡು ಮೊನಚು ಚೂರನ್ನೂ ಗೆಲ್ಲುವುದೆಂಬ ಭರವಸೆಯನ್ನು ಆ ನಿಬಂಧನೆಯು ಕೊಡಲಾರದು. ಇದನ್ನು ತಯಾರಕರ ಮೋಸವೆಂದು ಹೇಳುವುದು ಅನ್ಯಾಯ. ಒಂದೇ ಅಳತೆಯ, ಮತ್ತೆ ಮತ್ತೆ ಹೊಡೆಯಬಲ್ಲ ಗುಂಡಿಲ್ಲದೆ ಹೋಲಿಕೆಯೇ ಸಾಧ್ಯವಿರಲಿಲ್ಲ.

ಅಮೆರಿಕವು 1917ರಲ್ಲಿ ಯುದ್ಧಕ್ಕಿಳಿದು ಬ್ರಿಟಿಷ್ ಮಾದರಿಯನ್ನೇ ಅನುಸರಿಸಿತು. ಅಲ್ಲಿನ ಪರೀಕ್ಷೆಗೆ ಪಿಸ್ತೂಲಿನ ಗುಂಡು, ವೇಗ ಸೆಕೆಂಡಿಗೆ 600 ಅಡಿ. ಹೊಸ ಮಾದರಿಗಳನ್ನು ಯೋಚಿಸಲು ಕರೆದದ್ದು ಬಾಶ್‌ಫರ್ಡ್ ಡೀನ್ ಎಂಬ ವಿದ್ವಾಂಸನನ್ನು. ಆತ ಮೀನುಗಳ ಶಾಸ್ತ್ರಜ್ಞ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಕವಚ ವಿಭಾಗದ ಪಾಲಕ. ಹಳೆಯ ಕವಚಗಳನ್ನು ದುರಸ್ತು ಮಾಡುತ್ತಿದ್ದ ಕಾರ್ಯಾಗಾರದಲ್ಲಿಯೇ ಹೊಸ ಶಿರಸ್ತ್ರಾಣಗಳ ಮಾದರಿ ತಯಾರಾದುವು. ಅವುಗಳಲ್ಲಿ ಒಂದು ಜರ್ಮನರದನ್ನು ಹೋಲುತ್ತದೆಂದು ತಿರಸ್ಕೃತವಾಯಿತು! 1920ರಲ್ಲಿ ಡೀನನು ಬರೆದ ಗ್ರಂಥವು ಇತಿಹಾಸಕಾರನೊಬ್ಬನು ಯುದ್ಧಕಾಲದಲ್ಲಿ ಮಾಡಬಹುದಾದ ಕೆಲಸಕ್ಕೆ ಅಪರೂಪದ ಸಾಕ್ಷಿ.

ಚೂರಿನ ಪ್ರಶ್ನೆಯನ್ನು ಮುಂದಿನ ತಲೆಮಾರು ಕೈಗೆತ್ತಿಕೊಂಡಿತು. ಉಳಿಯ ಬಾಯಂತೆ ತುದಿಯನ್ನು ಕಡೆದ ಸಣ್ಣ ಉಕ್ಕಿನ ತುಂಡು, 17 ಗ್ರೇನ್, ಅಂದರೆ ಸುಮಾರು 1.1 ಗ್ರಾಂ ತೂಕದ್ದು, ಷೆಲ್ಲಿನ ಚೂರಿಗೆ ಪ್ರತಿನಿಧಿಯಾಯಿತು. ತಡೆಯಿತು, ತೂರಿತು ಎಂಬ ಒಂದೇ ಏಟಿನ ತೀರ್ಪನ್ನು ಬಿಟ್ಟು ಹಲವು ವೇಗಗಳಲ್ಲಿ ಹೊಡೆದು, ತೂರಿದ ಏಟುಗಳಲ್ಲಿ ಅತಿ ನಿಧಾನವಾದ ಕೆಲವನ್ನೂ ತೂರದವುಗಳಲ್ಲಿ ಅತಿ ವೇಗದ ಅಷ್ಟನ್ನೇ ತೆಗೆದುಕೊಂಡು ಸರಾಸರಿ ಕಟ್ಟುವ ಕ್ರಮ ಬಂದಿತು. ಹೀಗೆ ದೊರೆತ ವೇಗದಲ್ಲಿ ಬರುವ ತುಂಡುಗಳಲ್ಲಿ ಅರ್ಧದಷ್ಟು ತಗಡನ್ನು ತೂರಿಯೇ ಹೋಗುತ್ತವೆ. ಆ ಅಂಕೆಯ ಅರ್ಥ ಅದೇ.