ಪಕ್ಕದ ತಂತಿಯ ಗದ್ದಲ

ಕಾರಿಗೆ ಆಂಪ್ಲಿಫೈಯರ್ ಕೂರಿಸುವವರಿಗೆ ಕೆಲವು ಕಟ್ಟಳೆಗಳು ಬಾಯಿಪಾಠವಾಗಿರುತ್ತವೆ. ಬ್ಯಾಟರಿಯಿಂದ ಡಿಕ್ಕಿಗೆ ಹೋಗುವ ದಪ್ಪ ಪವರ್ ಕೇಬಲ್ ಕಾರಿನ ಒಂದು ಮಗ್ಗುಲಲ್ಲಿ ಸಾಗಬೇಕು. ಸ್ಟೀರಿಯೋದಿಂದ ಹಾಡನ್ನು ಹೊತ್ತು ತರುವ ತೆಳು ಆರ್‌ಸಿಎ ಕೇಬಲ್ ಇನ್ನೊಂದು ಮಗ್ಗುಲಲ್ಲಿ ಬರಬೇಕು. ಎರಡೂ ಎಲ್ಲಾದರೂ ಎದುರಾಗಲೇಬೇಕಾದರೆ ಕೂಡುವ ಚಿಹ್ನೆಯ ಹಾಗೆ ಅಡ್ಡ ಹಾಯಬೇಕು, ಜೊತೆಜೊತೆಗೆ ನಡೆಯಬಾರದು. ಆಂಪ್‌ನ ಅರ್ಥ್ ವೈರು ಗಿಡ್ಡವಾಗಿರಬೇಕು, ಬಣ್ಣ ಕೆರೆದ ಬರಿ ಲೋಹಕ್ಕೆ ಬಿಗಿಯಾಗಿ ಕಚ್ಚಿರಬೇಕು. ಇದರಲ್ಲಿ ಏನಾದರೂ ತಪ್ಪಿದರೆ ಹಾಡಿನ ಹಿಂದೆ ಕುಂಯ್ ಎನ್ನುವ ಸಣ್ಣ ಕೂಗೊಂದು ಸೇರಿಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿ ಏರುತ್ತದೆ.

ನನ್ನ ಪಿಎಚ್‌ಡಿ ಕೆಲಸ ಇರುವುದು ಹತ್ತೊಂಬತ್ತನೇ ಶತಮಾನದ ಟೆಲಿಫೋನಿನ ಇತಿಹಾಸದಲ್ಲಿ. ಕಾರಿಗೂ ನನಗೂ ಅಂಥ ನಂಟಿಲ್ಲ. ಆದರೆ ಈ ಕಟ್ಟಳೆಗಳನ್ನು ಮೊದಲು ಕೇಳಿದಾಗ ಹಳೆಯ ಪರಿಚಯದವರ ದನಿ ಕೇಳಿದಂತಾಯಿತು. ಇವು ಕಾರು ಹುಟ್ಟುವ ಮೊದಲಿನ ಮಾತುಗಳು, ಕಂಬ ಹತ್ತಿ ತಂತಿ ಎಳೆಯುತ್ತಿದ್ದವರ ಅನುಭವದಿಂದ ಬಂದವು. ಅವುಗಳ ಜೊತೆಯಲ್ಲೇ ಒಂದು ಜಗಳವೂ ನಮ್ಮ ಕಾಲದವರೆಗೆ ಬಂದಿದೆ. ಗದ್ದಲ ಮಾಡುವವನು ಸುಮ್ಮನಾಗಬೇಕೋ, ಕೇಳಿಸಿಕೊಳ್ಳುವವನು ದೂರ ಸರಿಯಬೇಕೋ ಎನ್ನುವ ಜಗಳ.

ಮೊದಮೊದಲ ಟೆಲಿಫೋನಿಗೆ ಇದ್ದದ್ದು ಒಂದೇ ತಂತಿ. ವಿದ್ಯುತ್ತು ಒಂದು ಸುತ್ತು ಮುಗಿಸಿ ಹಿಂದಿರುಗಲು ಎರಡನೆಯ ದಾರಿ ಬೇಕಲ್ಲ, ಆ ದಾರಿ ನೆಲವೇ ಆಗಿತ್ತು. ಎರಡೂ ತುದಿಯಲ್ಲಿ ತಂತಿಯನ್ನು ಭೂಮಿಗೆ ಇಳಿಸಿದರೆ ಮುಗಿಯಿತು, ಅರ್ಧ ತಂತಿಯ ಖರ್ಚು ಉಳಿಯಿತು. ಟೆಲಿಗ್ರಾಫಿನವರು ಆಗಲೇ ಹೀಗೆ ಮಾಡುತ್ತಿದ್ದರು, ಟೆಲಿಫೋನಿನವರು ಅದನ್ನೇ ಅನುಸರಿಸಿದರು. ಆದರೆ ಟೆಲಿಗ್ರಾಫಿನ ಯಂತ್ರ ಒರಟು ಕಿವಿಯದು. ಟೆಲಿಫೋನಿನ ಕಿವಿ ಬಹಳ ಸೂಕ್ಷ್ಮ. ಅದೇ ಕಂಬದ ಮೇಲೆ ಹೋಗುವ ಟೆಲಿಗ್ರಾಫಿನ ಟಕಟಕ, ಪಕ್ಕದ ತಂತಿಯಲ್ಲಿ ಮಾತಾಡುತ್ತಿರುವ ಅಪರಿಚಿತರ ಸಂಭಾಷಣೆ, ಎಲ್ಲವೂ ಅದರೊಳಗೆ ನುಸುಳುತ್ತಿದ್ದವು. ತಂತಿಗೆ ತಂತಿ ತಾಗಿರಬೇಕಾಗಿರಲಿಲ್ಲ. ಒಂದು ತಂತಿಯಲ್ಲಿ ಹರಿವು ಏರಿಳಿದರೆ ಅದರ ಸುತ್ತಲಿನ ಕಾಂತಕ್ಷೇತ್ರವೂ ಏರಿಳಿದು ನೆರೆಯ ತಂತಿಯಲ್ಲಿ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂದು ಫ್ಯಾರಡೆ 1831ರಲ್ಲೇ ತೋರಿಸಿದ್ದ.

ಇದಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಂಡುಕೊಂಡ ಮದ್ದು ನನಗೆ ಅವನ ಟೆಲಿಫೋನಿಗಿಂತಲೂ ಇಷ್ಟ. 1881ರ ಪೇಟೆಂಟಿನಲ್ಲಿ ಅವನು ಹೇಳಿದ್ದು ಇಷ್ಟೆ: ನೆಲವನ್ನು ಬಿಟ್ಟು ಹೋಗಲೊಂದು ಬರಲೊಂದು ಎಂದು ಎರಡು ತಂತಿ ಹಾಕಿ, ಎರಡನ್ನೂ ಒಂದಕ್ಕೊಂದು ಹೊಸೆಯಿರಿ. ದೀಪದ ಬತ್ತಿ ಹೊಸೆದ ಹಾಗೆ. ಹೊಸೆದ ಜೋಡಿಯಲ್ಲಿ ಒಂದು ಗೇಣು ಈ ತಂತಿ ಗದ್ದಲದ ಮೂಲಕ್ಕೆ ಹತ್ತಿರವಿದ್ದರೆ ಮುಂದಿನ ಗೇಣು ಆ ತಂತಿ ಹತ್ತಿರವಿರುತ್ತದೆ. ಒಟ್ಟಿನಲ್ಲಿ ಎರಡಕ್ಕೂ ಸಮಸಮ ಪೆಟ್ಟು ಬೀಳುತ್ತದೆ. ಕೇಳುವ ಯಂತ್ರಕ್ಕೆ ಬೇಕಾದ್ದು ಎರಡು ತಂತಿಗಳ ನಡುವಿನ ವ್ಯತ್ಯಾಸ ಮಾತ್ರ. ಪೆಟ್ಟು ಸಮವಾದಾಗ ವ್ಯತ್ಯಾಸ ಸೊನ್ನೆ, ಗದ್ದಲ ಅಲ್ಲಿಗೇ ಹೊಡೆದುಹೋಗುತ್ತದೆ. ಕಂಬದ ಮೇಲಿನ ಬರಿ ತಂತಿಗಳನ್ನು ಹೀಗೆ ಹೊಸೆಯಲು ಆಗದು, ಅಲ್ಲಿ ಕೆಲವು ಕಂಬಗಳಿಗೊಮ್ಮೆ ಎಡದ ತಂತಿಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಅದಲುಬದಲು ಮಾಡುತ್ತಿದ್ದರು. ದೂರದಿಂದ ನೋಡಿದರೆ ಮೈಲುಗಟ್ಟಲೆ ಉದ್ದದ ಒಂದು ಸಡಿಲ ಜಡೆ.

ಮದ್ದೇನೋ ಸಿಕ್ಕಿತು, ಆದರೆ ಅದಕ್ಕೆ ಎರಡರಷ್ಟು ತಂತಿ ಬೇಕು. ಆ ದುಡ್ಡು ಯಾರ ಜೇಬಿನಿಂದ?

ಈ ಪ್ರಶ್ನೆ ನಿಜವಾಗಿ ಬಿಸಿಯಾದದ್ದು ವಿದ್ಯುತ್ ಟ್ರಾಮುಗಳು ಬಂದ ಮೇಲೆ. 1888ರಲ್ಲಿ ಫ್ರಾಂಕ್ ಸ್ಪ್ರೇಗ್ ಅಮೆರಿಕದ ರಿಚ್ಮಂಡ್ ನಗರದಲ್ಲಿ ಟ್ರಾಮು ಓಡಿಸಿ ತೋರಿಸಿದ ಮೇಲೆ ಊರೂರಿಗೆ ಅದು ಹಬ್ಬಿತು. ಟ್ರಾಮಿಗೂ ತಲೆಯ ಮೇಲೆ ಒಂದೇ ತಂತಿ. ಹಿಂದಿರುಗುವ ದಾರಿ ಕಂಬಿ ಮತ್ತು ಅದರಡಿಯ ನೆಲ. ಮೋಟಾರುಗಳಿಗೆ ಬೇಕಾದ ಭಾರೀ ವಿದ್ಯುತ್ತು ಅದೇ ಮಣ್ಣಿನಲ್ಲಿ ಹರಡಿಕೊಂಡು ಹಿಂದಿರುಗುತ್ತಿತ್ತು. ಅದೇ ಮಣ್ಣನ್ನು ನೆಚ್ಚಿಕೊಂಡಿದ್ದ ಟೆಲಿಫೋನುಗಳು ಗುಂಯ್‌ಗುಡತೊಡಗಿದವು. ಸಿನ್ಸಿನಾಟಿಯ ಟೆಲಿಫೋನ್ ಕಂಪನಿ ಅಲ್ಲಿನ ಟ್ರಾಮ್ ಕಂಪನಿಯ ಮೇಲೆ ದಾವೆ ಹೂಡಿತು. ನಾವು ಮೊದಲು ಬಂದವರು, ನಮ್ಮ ಕೆಲಸ ಕೆಡಿಸುತ್ತಿರುವವರು ಇವರು ಎಂಬುದು ಅದರ ವಾದ. 1891ರಲ್ಲಿ ಓಹಾಯೋ ರಾಜ್ಯದ ಸುಪ್ರೀಂ ಕೋರ್ಟು ಟ್ರಾಮಿನ ಪರ ತೀರ್ಪು ಕೊಟ್ಟಿತು. ಬೀದಿ ಇರುವುದು ಮೊದಲಿಗೆ ಜನರ ಓಡಾಟಕ್ಕೆ, ಟೆಲಿಫೋನು ಅಲ್ಲಿ ಎರಡನೆಯ ದರ್ಜೆಯ ಅತಿಥಿ. ಭೂಮಿಯನ್ನು ತಂತಿಯಾಗಿ ಬಳಸುವ ಹಕ್ಕು ಮೊದಲು ಬಂದವನೊಬ್ಬನಿಗೇ ಸೇರಿದ್ದಲ್ಲ. ಗದ್ದಲ ಬೇಡವಾದರೆ ಟೆಲಿಫೋನಿನವರೇ ತಮ್ಮ ಖರ್ಚಿನಲ್ಲಿ ಎರಡನೆಯ ತಂತಿ ಹಾಕಿಕೊಳ್ಳಬೇಕು.

ಈ ತೀರ್ಪು ನನಗೆ ಪೂರ್ತಿ ಅನ್ಯಾಯ ಅನ್ನಿಸುವುದಿಲ್ಲ. ಟೆಲಿಫೋನಿನವರೂ ಎರಡನೆಯ ತಂತಿಯ ಹಣ ಉಳಿಸಲೆಂದೇ ನೆಲಕ್ಕೆ ಇಳಿದವರು. ಆದರೂ ಅದರ ತರ್ಕ ಗಮನಿಸಬೇಕು. ಸದ್ದು ಮಾಡುವವನ ಕೆಲಸ ದೊಡ್ಡದಾದರೆ ಕಿವಿಯುಳ್ಳವನೇ ಎದ್ದು ಹೋಗಲಿ.

ಈಗ ಕಾರಿಗೆ ಬರೋಣ. ಕಾರಿನಲ್ಲಿ ಮಣ್ಣಿಲ್ಲ, ಬಾಡಿ ಇದೆ. ಬ್ಯಾಟರಿಯ ಮೈನಸ್ ಬಾಡಿಗೆ ಕಟ್ಟಿದರೆ ಇಡೀ ಲೋಹದ ಕವಚವೇ ಹಿಂದಿರುಗುವ ದಾರಿ. ದೀಪ, ವೈಪರ್, ಹಾರ್ನ್ ಎಲ್ಲಕ್ಕೂ ಹೋಗುವ ತಂತಿ ಒಂದೇ. ಮೆಕ್ಯಾನಿಕ್‌ಗಳು ಇದನ್ನು ಅರ್ಥ್ ಎಂದೇ ಕರೆಯುತ್ತಾರೆ. ಕಾರು ನಿಂತಿರುವುದು ರಬ್ಬರ್ ಟೈರುಗಳ ಮೇಲೆ, ಅದಕ್ಕೂ ನೆಲಕ್ಕೂ ಸಂಬಂಧವಿಲ್ಲ, ಆದರೂ ಆ ಹಳೆಯ ಹೆಸರು ಉಳಿದುಬಂದಿದೆ. 1890ರ ಸಿನ್ಸಿನಾಟಿಯ ಬೀದಿಯನ್ನು ಮಡಚಿ ಹದಿಮೂರು ಹದಿನಾಲ್ಕು ಅಡಿಯ ಡಬ್ಬದಲ್ಲಿ ಇಟ್ಟರೆ ಕಾರಿನ ವೈರಿಂಗ್ ಆಗುತ್ತದೆ.

ಅದರೊಳಗೆ ರೇಡಿಯೋ ಕೂರಿಸಲು ಹೊರಟವರಿಗೆ ಇನ್ನೊಂದು ಶತ್ರು ಕಾದಿತ್ತು. 1887ರಲ್ಲಿ ಹೈನ್ರಿಖ್ ಹರ್ಟ್ಸ್ ಜರ್ಮನಿಯಲ್ಲಿ ರೇಡಿಯೋ ಅಲೆಗಳನ್ನು ಹುಟ್ಟಿಸಿದ್ದು ಕಿಡಿ ಹಾರಿಸಿ. ಪೆಟ್ರೋಲ್ ಎಂಜಿನ್ ನಡೆಯುವುದೂ ಕಿಡಿಯಿಂದಲೇ. ನಾಲ್ಕು ಸಿಲಿಂಡರಿನ ಸಾಧಾರಣ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 100 ಕಿಡಿ ಹಾರುತ್ತವೆ. ಪ್ರತಿ ಕಿಡಿಯೂ ಸಾವಿರಾರು ವೋಲ್ಟಿನದು, ಪ್ಲಗ್ಗಿಗೆ ಹೋಗುವ ಪ್ರತಿ ವೈರೂ ಅದಕ್ಕೊಂದು ಏರಿಯಲ್. ಪ್ರತಿ ಕಾರೂ ತನಗೆ ಗೊತ್ತಿಲ್ಲದೆ ಒಂದು ಹರ್ಟ್ಸ್ ಪ್ರಯೋಗಶಾಲೆ. ದೂರದ ಸ್ಟೇಷನ್ನಿನಿಂದ ಸೊರಗಿ ಬರುವ ಹಾಡನ್ನು ಆ ಪ್ರಯೋಗಶಾಲೆಯಲ್ಲೇ ಕೂತು ಕೇಳಬೇಕಿತ್ತು.

ಶಿಕಾಗೋದ ಪಾಲ್ ಗ್ಯಾಲ್ವಿನ್ ಈ ಕೆಲಸಕ್ಕೆ ಇಳಿದದ್ದು 1930ರಲ್ಲಿ, ಆರ್ಥಿಕ ಕುಸಿತದ ನಡುವೆ. ಜೊತೆಗಿದ್ದವರು ವಿಲಿಯಂ ಲಿಯರ್ ಮತ್ತು ಎಲ್ಮರ್ ವೇವರಿಂಗ್. ಗ್ಯಾಲ್ವಿನ್ ತನ್ನ ಸ್ಟೂಡಿಬೇಕರ್ ಕಾರಿಗೆ ರೇಡಿಯೋ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುತ್ತಿದ್ದ ರೇಡಿಯೋ ತಯಾರಕರ ಸಮಾವೇಶಕ್ಕೆ ಹೋದ. ಒಳಗೆ ಮಳಿಗೆ ಇಲ್ಲದ್ದರಿಂದ ಕಾರನ್ನು ಹೊರಗೆ ನಿಲ್ಲಿಸಿ ಸದ್ದು ಏರಿಸಿ ಹೋಗಿಬರುವವರನ್ನು ಸೆಳೆದ. 110ರಿಂದ 130 ಡಾಲರಿನ ಆ ರೇಡಿಯೋಗೆ ಅವನಿಟ್ಟ ಹೆಸರು ಮೋಟೊರೋಲಾ. ಮುಂದೆ ಕಂಪನಿಗೂ ಅದೇ ಹೆಸರಾಯಿತು.

ಈ ಕಥೆಯನ್ನು ವ್ಯಾಪಾರಿಯ ಸಾಹಸ ಎಂದು ಹೇಳುವುದು ವಾಡಿಕೆ. ನನ್ನ ಆಸಕ್ತಿ ಇರುವುದು ಆ ಕಾಲದ ರೇಡಿಯೋ ಕೂರಿಸುವವನ ಚೀಲದಲ್ಲಿ. ಅದರಲ್ಲಿ ಪ್ಲಗ್ಗುಗಳಿಗೆ ಒಂದೊಂದು ರೆಸಿಸ್ಟರ್, ಡಿಸ್ಟ್ರಿಬ್ಯೂಟರಿಗೊಂದು, ಡೈನಮೋಗೊಂದು ಕಂಡೆನ್ಸರ್ ಇರುತ್ತಿದ್ದವು. ರೆಸಿಸ್ಟರ್ ಕಿಡಿಯ ಚೂಪನ್ನು ಮೊಂಡು ಮಾಡುತ್ತದೆ, ಕಂಡೆನ್ಸರ್ ಡೈನಮೋದ ಕೆರಕೆರವನ್ನು ಬಾಡಿಗೆ ಇಳಿಸುತ್ತದೆ. ಅಂದರೆ ರೇಡಿಯೋ ಮಾರಲು ಹೋದವನು ಎಂಜಿನ್ನಿಗೆ ಬಾಯಿಕಟ್ಟು ಹಾಕಬೇಕಿತ್ತು. ಇದರ ಖರ್ಚು ಹಾಡು ಬೇಕೆಂದ ಕಾರಿನ ಮಾಲೀಕನದು. ಸಿನ್ಸಿನಾಟಿಯ ತೀರ್ಪೇ ಇಲ್ಲೂ ನಡೆಯಿತು. ಜೊತೆಗೆ, ಪಕ್ಕದಲ್ಲಿ ಹಾದುಹೋಗುವ ಬೇರೆಯವರ ಕಾರಿನ ಕಿಡಿಗೆ ಯಾವ ರೆಸಿಸ್ಟರೂ ಇರಲಿಲ್ಲ.

ಆ ಬೇರೆಯವರ ಕಿಡಿಗೆ ಕಡಿವಾಣ ಬಿದ್ದದ್ದು ಟೆಲಿವಿಷನ್ನಿನಿಂದ. ಯುದ್ಧಾನಂತರದ ಬ್ರಿಟನ್ನಿನಲ್ಲಿ ಬೀದಿಯಲ್ಲಿ ಒಂದು ಮೋಟಾರ್ ಬೈಕು ಹೋದರೆ ಮನೆಯೊಳಗಿನ ಟಿವಿ ಪರದೆಯ ಮೇಲೆ ಬಿಳಿ ಚುಕ್ಕಿಗಳ ಮಳೆ. ರೇಡಿಯೋದಲ್ಲಿ ಪಟಪಟ ಎಂದರೆ ಸಹಿಸಿಕೊಂಡವರು ಕಣ್ಣಿಗೆ ಕಾಣುವ ಗದ್ದಲವನ್ನು ಸಹಿಸಲಿಲ್ಲ. ಇಗ್ನಿಷನ್ ಹೊಮ್ಮಿಸುವ ಅಡಚಣೆಗೆ ಮಿತಿ ಹಾಕುವ ನಿಯಮಗಳನ್ನು ಅಲ್ಲಿನ ಸರ್ಕಾರ 1952ರಲ್ಲಿ ತಂದಿತು. ಇಂಥ ಮಿತಿಗಳ ಬಗ್ಗೆ ದೇಶಗಳು ಒಟ್ಟಿಗೆ ಕೂತು ಮಾತಾಡಲು 1934ರಲ್ಲೇ ಸಿಐಎಸ್‌ಪಿಆರ್ ಎಂಬ ಅಂತರರಾಷ್ಟ್ರೀಯ ಸಮಿತಿ ಹುಟ್ಟಿತ್ತು. ಆದರೆ ಗದ್ದಲ ಮಾಡುವವನೇ ತನ್ನ ಬಾಯಿ ಕಟ್ಟಿಕೊಂಡು ಬೀದಿಗೆ ಬರಬೇಕು ಎಂದು ಕಾನೂನು ಹೇಳಿದ್ದು ನನಗೆ ದೊಡ್ಡ ತಿರುವಾಗಿ ಕಾಣುತ್ತದೆ. ಆ ಕಾಲದ ಯಾವ ಕಾರಿನ ಜಾಹೀರಾತೂ ಇದನ್ನು ಹೆಗ್ಗಳಿಕೆಯಾಗಿ ಹೇಳಿಕೊಂಡದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಕಿಡಿ ತಣ್ಣಗಾಗುವಷ್ಟರಲ್ಲಿ ಹೊಸ ನೆರೆಯವನು ಬಂದ. 1960ರ ಹೊತ್ತಿಗೆ ಕಾರುಗಳು ಡೈನಮೋ ಬಿಟ್ಟು ಆಲ್ಟರ್ನೇಟರಿಗೆ ತಿರುಗತೊಡಗಿದವು. ಮೋಟೊರೋಲಾದಲ್ಲಿ ಈ ಕೆಲಸವನ್ನು ಮುನ್ನಡೆಸಿದವನು ಅದೇ ಎಲ್ಮರ್ ವೇವರಿಂಗ್. ಕಾರಿನ ರೇಡಿಯೋದಿಂದ ಒಂದು ಗದ್ದಲ ಹೊರಗಟ್ಟಿದ ಮನುಷ್ಯನ ಕೈಯಿಂದಲೇ ಇನ್ನೊಂದು ಒಳಬಂತು. ಆಲ್ಟರ್ನೇಟರ್ ಮೂರು ಫೇಸಿನ ಎಸಿ ಉತ್ಪಾದಿಸಿ ಡಯೋಡುಗಳಿಂದ ಅದನ್ನು ಡಿಸಿ ಮಾಡುತ್ತದೆ, ಆದರೆ ಆ ಡಿಸಿಯ ಮೇಲೆ ಸಣ್ಣ ಅಲೆಗಳು ಉಳಿಯುತ್ತವೆ. ಹನ್ನೆರಡು ಧ್ರುವಗಳ ಆಲ್ಟರ್ನೇಟರ್ ಒಂದು ಸುತ್ತು ತಿರುಗಿದರೆ ಅಂಥ 36 ಅಲೆಗಳು. ಕಾರು ನಿಂತಲ್ಲೇ ಎಂಜಿನ್ ಓಡುವಾಗ ಅದು ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೆ ಲೆಕ್ಕ ಸುಮಾರು 1200 ಹರ್ಟ್ಸ್‌ಗೆ ಬರುತ್ತದೆ. ನಮ್ಮ ಕಿವಿ ಬಹಳ ಚೆನ್ನಾಗಿ ಹಿಡಿಯುವ ಜಾಗ ಅದು. ಆಕ್ಸಿಲರೇಟರ್ ಒತ್ತಿದರೆ ಕೂಗು ಏರುವುದು ಇದಕ್ಕೇ.

ಡಿಕ್ಕಿಯಲ್ಲಿ ದೊಡ್ಡ ಆಂಪ್ ಬಂದ ಮೇಲೆ ಇದು ಇನ್ನೂ ಹೆಚ್ಚಾಯಿತು. 500 ವಾಟಿನ ಆಂಪ್ ಜೋರಾಗಿ ಹಾಡುವಾಗ ಪವರ್ ಕೇಬಲ್ಲಿನಲ್ಲಿ 60 ಆಂಪಿಯರ್ ಹರಿಯಬಹುದು. ಅದರ ಬಗಲಲ್ಲಿರುವ ಆರ್‌ಸಿಎ ಕೇಬಲ್ ಹೊತ್ತಿರುವುದು ಹೆಚ್ಚೆಂದರೆ ಒಂದೆರಡು ವೋಲ್ಟ್, ಮೆಲುದನಿಯ ಆಲಾಪ ಬಂದಾಗ ಕೆಲವೇ ಮಿಲಿವೋಲ್ಟ್. ಟ್ರಾಮು ಮತ್ತು ಟೆಲಿಫೋನು ಮತ್ತೆ ಅಕ್ಕಪಕ್ಕ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗ, ಸೀಟ್ ಕವರ್, ಸ್ಟೀರಿಯೋಗಳ ಅಂಗಡಿಗಳು ಸಾಲಾಗಿವೆ. ಗೆಳತಿಯೊಬ್ಬಳ ಹಳೆಯ ಕಾರಿನ ಈ ಕೂಗನ್ನು ತೆಗೆಸಲು ಅವಳ ಜೊತೆ ಅಲ್ಲಿಗೆ ಹೋಗಿದ್ದೆ. ಅವಳು ಆಗಲೇ ದುಬಾರಿ ಕೇಬಲ್ ಹಾಕಿಸಿಯಾಗಿತ್ತು, ಅಲ್ಯೂಮಿನಿಯಂ ಫಾಯಿಲ್ ಹೊದಿಕೆ, ಚಿನ್ನದ ಬಣ್ಣದ ಪಿನ್ನು ಎಲ್ಲ ಇದ್ದವು. ಕೂಗು ಕದಲಿರಲಿಲ್ಲ. ಕೆಲಸಕ್ಕೆ ನಿಂತ ಹುಡುಗ ಕೇಬಲ್ಲಿನ ಕಡೆ ನೋಡಲೇ ಇಲ್ಲ. ಡಿಕ್ಕಿಯ ಮ್ಯಾಟ್ ಎತ್ತಿ ಆಂಪ್‌ನ ಅರ್ಥ್ ಬೋಲ್ಟ್ ಬಿಚ್ಚಿದ. "ನೋಡಿ ಮೇಡಂ, ಪೇಂಟ್ ಮೇಲೇ ಕೂರಿಸಿದಾರೆ. ಇನ್ನು ಅರ್ಥ್ ಎಲ್ಲಿಂದ ಸಿಗ್ಬೇಕು?" ಎಂದು ಉಪ್ಪುಕಾಗದದಲ್ಲಿ ಬಣ್ಣ ಉಜ್ಜಿ ಲೋಹ ಹೊಳೆಯಿಸಿ ಬೋಲ್ಟ್ ಬಿಗಿದ. ಕೂಗು ಮುಕ್ಕಾಲು ಪಾಲು ಹೋಯಿತು. ಉಳಿದದ್ದಕ್ಕೆ ಪವರ್ ಕೇಬಲ್ಲನ್ನು ಆರ್‌ಸಿಎ ಕೇಬಲ್ಲಿನ ಬಗಲಿಂದ ತೆಗೆದು ಡ್ರೈವರ್ ಸೀಟಿನ ಕಡೆಯ ಬಾಗಿಲ ಹೊಸ್ತಿಲಿನಡಿ ಎಳೆದ.

ಅವನು ಮಾಡಿದ ಕ್ರಮವೇ ಸರಿ ಎಂಬುದು ನನ್ನ ಎಣಿಕೆ. ಕೇಬಲ್‌ಗಳನ್ನು ದೂರ ಇಡುವ ಕಟ್ಟಳೆಗೆ ಈ ಕಸುಬಿನಲ್ಲಿ ಸ್ವಲ್ಪ ಹೆಚ್ಚೇ ಕೀರ್ತಿ ಸಿಕ್ಕಿದೆ. ಎಷ್ಟೋ ಸಲ ಗದ್ದಲ ಹಾರಿ ಬರುವುದಲ್ಲ, ನಡೆದೇ ಬರುತ್ತದೆ. ಆರ್‌ಸಿಎ ಕೇಬಲ್ಲಿನ ಹೊರಕವಚ ಮುಂದಿನ ಸ್ಟೀರಿಯೋದ ಅರ್ಥನ್ನೂ ಹಿಂದಿನ ಆಂಪ್‌ನ ಅರ್ಥನ್ನೂ ಜೋಡಿಸುತ್ತದೆ. ಎರಡು ಅರ್ಥ್‌ಗಳ ನಡುವೆ ಕೂದಲೆಳೆಯಷ್ಟು ವೋಲ್ಟೇಜ್ ವ್ಯತ್ಯಾಸ ಇದ್ದರೂ ಆಲ್ಟರ್ನೇಟರಿನ ಅಲೆ ಬಾಡಿಯನ್ನು ಬಿಟ್ಟು ಆ ಕವಚದ ಮೇಲೆ ಹರಿದು ಹಾಡಿನೊಳಗೆ ಇಳಿಯುತ್ತದೆ. ಓಹಾಯೋದ ಮಣ್ಣಿನಲ್ಲಿ ಆದದ್ದೂ ಇದೇ. ಇನ್ನು ಫಾಯಿಲ್ ಹೊದಿಕೆ ತಡೆಯುವುದು ವಿದ್ಯುತ್ ಕ್ಷೇತ್ರವನ್ನು. ಪವರ್ ಕೇಬಲ್ಲಿನ ಸುತ್ತ ಏರಿಳಿಯುವ ನಿಧಾನಗತಿಯ ಕಾಂತಕ್ಷೇತ್ರಕ್ಕೆ ಆ ತೆಳು ಹಾಳೆ ಇದ್ದೂ ಇಲ್ಲದಂತೆ. ಅದಕ್ಕೆ ಬೇಕಾದ್ದು ದೂರ, ಅಡ್ಡ ಹಾಯುವಿಕೆ, ಅಥವಾ ಬೆಲ್ಲನ ಹೊಸೆತ. ಹೊಸೆದ ಆರ್‌ಸಿಎ ಕೇಬಲ್ಲುಗಳೂ ಮಾರುಕಟ್ಟೆಯಲ್ಲಿವೆ, ಫಾಯಿಲ್ ಹೊದಿಕೆಯ ಎಷ್ಟೋ ಕೇಬಲ್ಲುಗಳಿಗಿಂತ ಅಗ್ಗಕ್ಕೆ.

ಬೆಲ್ಲನ ಆ ಜಡೆ ಈಗ ಕಾರಿನ ತುಂಬ ಇದೆ. ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ಕ್ಯಾನ್ ಬಸ್ ವ್ಯವಸ್ಥೆಯಲ್ಲಿ ಎಂಜಿನ್, ಬ್ರೇಕು, ಏರ್‌ಬ್ಯಾಗುಗಳ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವುದು ಹೊಸೆದ ಎರಡು ತಂತಿಗಳ ಮೇಲೆ, ಅವುಗಳ ನಡುವಿನ ವ್ಯತ್ಯಾಸವನ್ನು ಓದಿಕೊಂಡು. ತಪ್ಪಿದರೆ ಪ್ರಾಣಕ್ಕೆ ಕುತ್ತಾಗುವ ಮಾತುಗಳಿಗೆ ಒಳ್ಳೆಯ ತಂತಿ ಹಾಕಲು ಯಾರೂ ಲೆಕ್ಕ ನೋಡಲಿಲ್ಲ. ಹಾಡಿನ ವಿಷಯ ಬೇರೆ.

ವಿದ್ಯುತ್ ಕಾರುಗಳಲ್ಲಿ ಕಿಡಿ ಇಲ್ಲ. ಆದರೆ ಮೋಟಾರಿಗೆ ವಿದ್ಯುತ್ತು ಒದಗಿಸುವ ಇನ್ವರ್ಟರು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತದೆ, ಅದರ ಗದ್ದಲ ಎಎಂ ರೇಡಿಯೋದ ಮೇಲೆ ಬೀಳುತ್ತದೆ. ತಡೆಯಬಹುದು, ಕವಚ ಮತ್ತು ಫಿಲ್ಟರು ಹಾಕಬೇಕು, ತೂಕ ಮತ್ತು ಖರ್ಚು ಹೆಚ್ಚುತ್ತವೆ. ಹಲವು ತಯಾರಕರು ಸುಲಭದ ದಾರಿ ಹಿಡಿದು ಎಎಂ ರೇಡಿಯೋವನ್ನೇ ಕೈಬಿಟ್ಟರು. ಅಮೆರಿಕದಲ್ಲಿ ಇದು ಸಣ್ಣ ವಿಷಯವಾಗಲಿಲ್ಲ. ಚಂಡಮಾರುತ, ಪ್ರವಾಹದ ಹೊತ್ತಿಗೆ ಸರ್ಕಾರದ ಎಚ್ಚರಿಕೆ ದೂರದ ಹಳ್ಳಿಗಳಿಗೆ ತಲುಪುವುದು ಎಎಂನಿಂದ ಎಂದು ಆಕ್ಷೇಪ ಎದ್ದಿತು. ಪ್ರತಿ ವಾಹನದಲ್ಲೂ ಎಎಂ ಇರಲೇಬೇಕು ಎನ್ನುವ ಮಸೂದೆ 2023ರಲ್ಲಿ ಅಲ್ಲಿನ ಕಾಂಗ್ರೆಸ್ಸಿನ ಮುಂದೆ ಬಂತು. ಅದೇ ಮೇ ತಿಂಗಳಲ್ಲಿ ಫೋರ್ಡ್ ಕಂಪನಿ ತನ್ನ ತೀರ್ಮಾನವನ್ನು ಹಿಂತೆಗೆದುಕೊಂಡಿತು. 2024ರ ಮಾದರಿಗಳಲ್ಲಿ ಎಎಂ ಇರುತ್ತದೆ, ಎಎಂ ಇಲ್ಲದೆ ಆಗಲೇ ಮಾರಾಟವಾಗಿರುವ ತನ್ನ ವಿದ್ಯುತ್ ಕಾರುಗಳಿಗೂ ಅದನ್ನು ಒದಗಿಸುತ್ತೇವೆ ಎಂದು ಪ್ರಕಟಿಸಿತು. ಅದಕ್ಕಾಗಿ ಯಾರೂ ಕಾರಿನ ಬಾಗಿಲು ಬಿಚ್ಚಬೇಕಾಗಿರಲಿಲ್ಲ, ಒಂದು ತಂತಿಯನ್ನೂ ಬದಲಿಸಬೇಕಾಗಿರಲಿಲ್ಲ. ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಸಾಕಿತ್ತು.